ನಿದ್ದೆ ಕಾಯುತ್ತಿದ್ದ ವಸ್ತಾದರು

ಒಬ್ಬ ಮನುಷ್ಯನ ಅಂಗೈಗೆ ಸುಳ್ಳು ಹೇಳಲು ನಾನು ಐದು ವರ್ಷ ಪ್ರಯತ್ನಪಟ್ಟೆ. ಒಂದು ದಿನವೂ ಗೆಲ್ಲಲಿಲ್ಲ.

ಸುಳ್ಳಿನಲ್ಲಿ ನಾನೇನು ಕಡಿಮೆಯವನಲ್ಲ. ಆರತಕ್ಷತೆ, ಶಾಲಾ ವಾರ್ಷಿಕೋತ್ಸವ, ಗಣಪತಿ ಪೆಂಡಾಲು, ಎಲ್ಲಿ ಮೈಕು ಕೊಟ್ಟರೂ ಮಿಮಿಕ್ರಿ ಮಾಡುವವನು. ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ 'ಹರಿಯರ ಹರಿಯರ ಹರಿಯರ' ಎಂದು ಹರಿಹರದವರೆಗೂ ಕೇಳುವಂತೆ ಕೂಗುವುದು, ದೋಸೆ ಹೋಟೆಲಿನ ಮಾಲೀಕರು ಗಿರಾಕಿಗೆ ಜೇನಿನಂಥ ದನಿಯಲ್ಲೂ ಅದೇ ಉಸಿರಿನಲ್ಲಿ ಒಳಗಿನ ಭಟ್ಟರಿಗೆ ಮೆಣಸಿನಕಾಯಿಯಂಥ ದನಿಯಲ್ಲೂ ಮಾತಾಡುವುದು, ನಮ್ಮಪ್ಪ ಸೀನುವ ಮೊದಲು ಅರ್ಧ ನಿಮಿಷ ತೆಗೆಯುವ ಪೀಠಿಕೆ, ಎಲ್ಲ ನನ್ನ ಗಂಟಲಲ್ಲಿವೆ. ನನ್ನನ್ನೂ ನಾನು ಬಿಟ್ಟಿಲ್ಲ. ಹುಡುಗಿಯರು ಎದುರಿಗಿದ್ದರೆ ನನ್ನ ದನಿ ಹೇಗೆ ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ ಎಂಬುದನ್ನು ನಾನೇ ಮಾಡಿ ತೋರಿಸಿ ಅದೇ ಹುಡುಗಿಯರಿಂದ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಆ ಒಂದು ಅಂಗೈಯ ಮುಂದೆ ನನ್ನ ಆಟ ನಡೆಯಲಿಲ್ಲ.

ಆ ಅಂಗೈ ನಮ್ಮ ವಸ್ತಾದರದು. ಹಳೇ ದಾವಣಗೆರೆಯ ಸಂದಿಯೊಂದರ ಗರಡಿ ಮನೆಯಲ್ಲಿ ನಮಗೆ ಕುಸ್ತಿ ಕಲಿಸುತ್ತಿದ್ದವರು. ಹೋದ ತಿಂಗಳು ಹರಿಹರದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರಿಗೆ ಹೆಸರಿತ್ತು, ಇಲ್ಲವೆಂದಲ್ಲ. ಆದರೆ ಆ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಕರೆದವನಲ್ಲ, ಈಗ ಬರೆದರೆ ಬೇರೆ ಯಾರನ್ನೋ ಕರೆದಂತಾಗುತ್ತದೆ.

ಅವರು ನೋಡಲು ದೊಡ್ಡ ಆಳಲ್ಲ. ಬಿಳಿ ಬನಿಯನ್, ಹೆಗಲ ಮೇಲೆ ಚೌಕಳಿ ಟವೆಲ್ಲು, ಕುಸ್ತಿ ಆಡಿ ಆಡಿ ಒಣಗಿದ ಅಂಜೂರದಂತೆ ಮುರುಟಿದ್ದ ಎರಡು ಕಿವಿ. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಿಷಿನ್ ರಿಪೇರಿ ಮಾಡಿ ನಿವೃತ್ತರಾಗಿ, ದಿನಾ ಮೊದಲ ಬಸ್ಸು ಹತ್ತಿ ಬರುತ್ತಿದ್ದರು. ನಾವು ಕಣ್ಣುಜ್ಜಿಕೊಂಡು ಹೋಗುವಷ್ಟರಲ್ಲಿ ಅಖಾಡದ ಕೆಮ್ಮಣ್ಣನ್ನು ಅಗೆದು, ಹೆಂಟೆ ಒಡೆದು, ನೀರು ಚಿಮುಕಿಸಿ ಹದಮಾಡಿ ಇಟ್ಟಿರುತ್ತಿದ್ದರು. ಹಾಗಾದರೆ ಇವರು ಏಳುವುದು ಎಷ್ಟೊತ್ತಿಗೆ ಎಂದು ನಾವ್ಯಾರೂ ಕೇಳಲಿಲ್ಲ. ಗುರುಗಳು ಏಳುವುದೇ ಹಾಗೆ, ಹಾಲಿನವನು ಏಳುವ ಹಾಗೆ ಎಂದುಕೊಂಡಿದ್ದೆವು.

ಬೇರೆ ಗರಡಿಗಳಲ್ಲಿ ಹುಡುಗರು ಒಳಗೆ ಬಂದರೆ ಮೊದಲು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಮಣ್ಣಿಗಿಂತ ಮೊದಲು ವಸ್ತಾದರ ಕೈ. ಬಾಗಿಲಲ್ಲೇ ನಿಂತು ಬಲಗೈ ಚಾಚುತ್ತಿದ್ದರು. ನಾವು ಕೈ ಕೊಟ್ಟು ಹಿಚುಕಬೇಕು, ಅವರು ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಹಿಡಿದಿರಬೇಕು. ಅವರ ಹಿಡಿತಕ್ಕೆ ನಮ್ಮ ಬೆರಳ ಗೆಣ್ಣುಗಳು ಲಟಕ್ ಎನ್ನುತ್ತಿದ್ದವು. ಎಣಿಕೆಯ ಕೊನೆಗೆ ಅವರ ಕೈ ತುಸು ನಡುಗುತ್ತಲೂ ಇತ್ತು. ವಯಸ್ಸಾಯಿತಲ್ಲ, ಅಂದುಕೊಳ್ಳುತ್ತಿದ್ದೆವು. ಆಮೇಲೆ ತೀರ್ಪು ಬರುತ್ತಿತ್ತು.

"ಐದು ತಾಸು. ಅದ್ರಾಗೂ ನಡುವೆ ಒಂದ್ಸಲ ಎದ್ದಿದ್ದಿ."

"ಇಲ್ರೀ ವಸ್ತಾದ್ರೇ, ಎಂಟು ತಾಸು ಮಲಗೀನಿ."

"ಎಂಟು ತಾಸು ಮಲಗಿರೋದು ನಿಮ್ಮನೆ ಹಾಸಿಗೆ. ನೀನಲ್ಲ. ಹೋಗು ಜಗಲಿಗೆ."

ಆರು ತಾಸಿಗಿಂತ ಕಡಿಮೆ ಮಲಗಿದವನು ಆ ದಿನ ಮಣ್ಣು ಮುಟ್ಟುವಂತಿರಲಿಲ್ಲ. ಜಗಲಿಯ ಮೇಲೆ ಕಂಬಳಿ ಹಾಸಿರುತ್ತಿತ್ತು. ಒಳಗೆ ಉಳಿದವರು ಬೆವರು ಸುರಿಸಿ ಬಸ್ಕಿ ಹೊಡೆಯುತ್ತಿದ್ದರೆ ಈ ಪೈಲ್ವಾನ ಬೀದಿಗೆ ಮುಖಮಾಡಿ ಮಲಗಬೇಕು. ನಲ್ಲಿಗೆ ಬಂದ ಹೆಂಗಸರು ಕೊಡ ಇಳಿಸಿ, "ಇವತ್ತೂ ನೀನೇ ಏನಪ್ಪಾ?" ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ನನ್ನನ್ನು ಅವರು ಎಷ್ಟು ಸಲ ವಿಚಾರಿಸಿದ್ದಾರೆಂದರೆ, ಆ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂಬುದು ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ನಾನು ಮಾಡದ ಉಪಾಯವಿಲ್ಲ. ತಣ್ಣೀರು ಸ್ನಾನ ಮಾಡಿ ಹೋದೆ. ಎರಡು ಕಪ್ಪು ಚಹಾ ಕುಡಿದು ಹೋದೆ. ಮನೆಯಲ್ಲಿ ರಬ್ಬರ್ ಚೆಂಡು ಹಿಚುಕಿ ಹಿಡಿತ ಗಟ್ಟಿಮಾಡಿಕೊಂಡೆ. ಒಂದು ಬೆಳಗಿನ ಜಾವ ಕರೆಂಟು ಹೋಗಿತ್ತು, ಬಾಗಿಲಲ್ಲಿ ಕತ್ತಲೆ. ನನ್ನ ಬದಲು ಗೆಳೆಯ ದಾದಾಪೀರನ ಕೈಯನ್ನು ಮುಂದೆ ತಳ್ಳಿ, ಹಿಂದಿನಿಂದ ನನ್ನ ದನಿಯಲ್ಲಿ, "ನಮಸ್ಕಾರ ವಸ್ತಾದ್ರೇ," ಎಂದೆ. ಹತ್ತು ಎಣಿಸಿದರು.

"ಕೈ ದಾದಾಂದು, ದನಿ ಗಿಳೀದು. ಇಬ್ರೂ ನಿದ್ದೆಗೆಟ್ಟೀರಿ. ಇಬ್ರೂ ಜಗಲಿಗೆ."

ಗಿಳಿ ಎಂದರೆ ನಾನು. ಕೇಳಿದ್ದನ್ನೆಲ್ಲ ಆಡಿ ತೋರಿಸುತ್ತೇನೆಂದು ಅವರೇ ಇಟ್ಟ ಹೆಸರು. ಆ ಬೆಳಿಗ್ಗೆ ನಾನೂ ದಾದಾಪೀರನೂ ಒಂದೇ ಕಂಬಳಿಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಮಲಗಿದೆವು. "ನಿನ್ ಸಹವಾಸ ಮಾಡಿ ನನ್ ಕೈಗೂ ಮರ್ಯಾದಿ ಹೋತಲ್ಲೋ ಭಾಯ್," ಎಂದು ಅವನು ಗೊಣಗಿದ. ಅಷ್ಟರಲ್ಲೇ ನಿದ್ದೆ ಹೋಗಿದ್ದ.

ದಾದಾಪೀರನ ನಿದ್ದೆಗೇಡಿಗೆ ನನ್ನ ಹಾಗೆ ಮೊಬೈಲು ಕಾರಣವಲ್ಲ. ಅವರದು ಮಂಡಕ್ಕಿ ಭಟ್ಟಿ. ಊರು ಏಳುವ ಎಷ್ಟೋ ಮೊದಲು ಒಲೆ ಹೊತ್ತಿಸಿ, ಮರಳು ಕಾಯಿಸಿ, ಅಕ್ಕಿ ಹುರಿದು ಮಂಡಕ್ಕಿ ಮಾಡಿ ಚೀಲ ತುಂಬಬೇಕು. ಅಪ್ಪನ ಜೊತೆ ಅಷ್ಟನ್ನೂ ಮುಗಿಸಿ, ಹೊಗೆ ವಾಸನೆಯ ಸಮೇತ ಗರಡಿಗೆ ಬರುತ್ತಿದ್ದ. ವಸ್ತಾದರು ಒಂದು ವಾರ ಅವನ ಕೈ ಹಿಡಿದು ದಿನಾ, "ಮೂರು ತಾಸು," "ಮೂರೂವರೆ," ಎಂದರು. ಎಂಟನೆಯ ದಿನ ಏನೂ ಹೇಳದೆ ಅವನ ಜೊತೆ ಭಟ್ಟಿಗೇ ಹೋದರು. ಬೈಯಲು ಹೋದರೆಂದು ನಾವು ತಿಳಿದೆವು. ಬೈಯಲಿಲ್ಲ. ಒಲೆಯ ಮುಂದೆ ಒಂದು ತಾಸು ಕೂತು, ಮಂಡಕ್ಕಿ ತಿಂದು, ದಾದಾಪೀರನ ಅಪ್ಪನಿಗೆ ಹೇಳಿದರಂತೆ: "ಸಾಹೇಬ್ರೇ, ನಿಮ್ಮ ಕೆಲಸ ನಾನು ನಿಲ್ಸಂಗಿಲ್ಲ. ಮಧ್ಯಾಹ್ನ ಊಟ ಆದಮ್ಯಾಲೆ ಇವನ್ನ ನನ್ನತ್ರ ಕಳಿಸ್ರಿ. ಕುಸ್ತಿಗಲ್ಲ, ಮಲಗಾಕೆ."

ಅಂದಿನಿಂದ ದಿನಾ ಮಧ್ಯಾಹ್ನ ಗರಡಿಯೊಳಗೆ ಕಿಟಕಿ ಮುಚ್ಚಿ, ಚಾಪೆಯ ಮೇಲೆ ದಾದಾಪೀರ. ಹೊರಗೆ ಹೊಸ್ತಿಲ ಮೇಲೆ ಕಾವಲಿಗೆ ವಸ್ತಾದರು. ಬೆಳಿಗ್ಗೆ ಕುಸ್ತಿ ಮುಗಿದ ಮೇಲೂ ಅವರು ಹರಿಹರಕ್ಕೆ ಹೋಗದೆ ಉಳಿಯುತ್ತಿದ್ದುದು ಅದಕ್ಕೇ. ಕಾಲೇಜು ಮುಗಿಸಿ ಬರುತ್ತ ಒಂದು ದಿನ ನಾನು ಕಂಡ ನೋಟ ಇದು: ತರಕಾರಿ ಆಟೋದವನು ಸ್ಪೀಕರಿನಲ್ಲಿ 'ಟೊಮೇಟೊ, ಈರುಳ್ಳಿ, ಆಲೂಗಡ್ಡೆ' ಎಂದು ಕೂಗಿಸುತ್ತ ಸಂದಿಗೆ ತಿರುಗಿದ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಪೈಲ್ವಾನರನ್ನು ಎತ್ತಿ ಒಗೆದಿದ್ದ ನಮ್ಮ ವಸ್ತಾದರು ಎದ್ದು ನಿಂತು, ತುಟಿಯ ಮೇಲೆ ಒಂದು ಬೆರಳಿಟ್ಟು, ಇನ್ನೊಂದು ಕೈಯಿಂದ ಟವೆಲ್ಲನ್ನು ಮೆಲ್ಲಗೆ ಬೀಸಿದರು.

ಆಟೋದವನು ಸ್ಪೀಕರ್ ನಿಲ್ಲಿಸಿ ಗಾಬರಿಯಿಂದ ಕೇಳಿದ: "ಯಾಕ್ರಿ, ಯಾರಾದ್ರೂ ತೀರಿಕೊಂಡ್ರಾ?"

"ಯಾರೂ ತೀರಿಕೊಂಡಿಲ್ಲ. ಒಬ್ರು ಮಲಗ್ಯಾರೆ."

"ಇದೇನ್ರಿ ಇದು! ಮಲಗೋರಿಗೋಸ್ಕರ ವ್ಯಾಪಾರ ಬಿಡಾಕಾಗ್ತೈತಾ?"

"ವ್ಯಾಪಾರ ಬಿಡಬ್ಯಾಡ. ಒಂದು ಕಿಲೋ ಈರುಳ್ಳಿ ಕೊಡು. ಗಾಡಿ ಮಾತ್ರ ಆ ಮೂಲೆಗಂಟ ತಳ್ಳಿಕೊಂಡು ಹೋಗು. ಬಾ, ನಾನೂ ತಳ್ತೀನಿ."

ತಳ್ಳಿದರು. ನಾನು ಅದನ್ನು ಮಾರನೆಯ ದಿನವೇ ಎಲ್ಲರ ಮುಂದೆ ಆಡಿ ತೋರಿಸಿ ನಗಿಸಿದೆ. ನಗಿಸುವಾಗಲೂ ಒಳಗೊಳಗೆ ಏನೋ ಅಳುಕು. ಹದಿನೆಂಟು ವರ್ಷದವನೊಬ್ಬನ ನಿದ್ದೆಯನ್ನು ಒಬ್ಬ ಹಿರಿಯ ಮನುಷ್ಯ ತೊಟ್ಟಿಲ ಕೂಸಿನ ನಿದ್ದೆಯಂತೆ ಕಾಯುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನನ್ನ ಇನ್ನೊಂದು ಪ್ರಸಿದ್ಧ ಐಟಂ ವಸ್ತಾದರ ಗೊರಕೆ. ನಿದ್ದೆ ನಿದ್ದೆ ಎಂದು ಇಷ್ಟು ಬಡಿದುಕೊಳ್ಳುವವರು ತಾವೆಷ್ಟು ಜೋರಾಗಿ ಮಲಗಬಹುದು ಎಂದು ಊಹಿಸಿ ಕಟ್ಟಿದ್ದು. ಅಕ್ಕಿ ಗಿರಣಿ ಶುರುವಾದಂತೆ ಮೊದಲ ಎಳೆತ, ನಡುವೆ ಬಸ್ಸು ಗೇರು ಬದಲಿಸಿದಂತೆ ಒಂದು ತಿರುವು, ಕೊನೆಗೆ ಕುಕ್ಕರಿನ ಸೀಟಿ. ಆಯುಧ ಪೂಜೆಯ ದಿನ ಗರಡಿಯಲ್ಲಿ ಅವರೆದುರಿಗೇ ಮಾಡಿದೆ. ಬೆತ್ತ ಬೀಳಬಹುದೆಂದು ಬಾಗಿಲ ಹತ್ತಿರವೇ ನಿಂತಿದ್ದೆ. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, "ಇನ್ನೊಂದ್ಸಲ ಹೊಡಿ ಗಿಳಿ," ಎಂದರು. ಹೊಡೆದೆ. "ಎಂಥಾ ಗೊರಕೇನೋ! ಪುಣ್ಯ ಮಾಡಿರಬೇಕು," ಎಂದರು. ಆಮೇಲೆ ಪ್ರತಿ ವರ್ಷ ಅವರೇ ಕೇಳಿ ಮಾಡಿಸುತ್ತಿದ್ದರು. ಕಣ್ಣು ಮುಚ್ಚಿಯೇ ಕೇಳುತ್ತಿದ್ದರು.

ಈಗ ನನ್ನ ಭುಜದ ಕಥೆ.

ಜಿಲ್ಲಾ ತಂಡದ ಆಯ್ಕೆ ಬಂತು. ನಾನೂ ದಾದಾಪೀರನೂ ಒಂದೇ ತೂಕದವರು, ಅರವತ್ತೈದು ಕಿಲೋ. ಇದ್ದದ್ದು ಒಂದೇ ಜಾಗ. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನ ಬಾಗಿಲು ತೆರೆಯುತ್ತಿತ್ತು. ಅವನಿಗೆ ಭಟ್ಟಿಯ ಹೊಗೆಯಿಂದ ಹೊರಬರುವ ದಾರಿ ಅದು. ನನಗೆ, ಇವನು ಬರೀ ಬಾಯಿ ಎಂದು ಬೈಯುವ ನಮ್ಮಪ್ಪನ ಬಾಯಿ ಮುಚ್ಚಿಸುವ ಅವಕಾಶ. ಅಭ್ಯಾಸದಲ್ಲಿ ದಿನಾ ಅವನನ್ನು ಚಿತ್ ಮಾಡುತ್ತಿದ್ದವನು ನಾನು. ಗೆಲ್ಲುವವನು ನಾನೇ ಎಂಬುದು ಅವನಿಗೂ ಗೊತ್ತಿತ್ತು.

ಹಿಂದಿನ ದಿನ ಸಂಜೆ ಮಂಡಕ್ಕಿ ಚೀಲ ತೂಗುವ ಕಾಟಾದ ಮೇಲೆ ಇಬ್ಬರೂ ನಿಂತೆವು. ಇಬ್ಬರೂ ಅರ್ಧ ಕಿಲೋ ಜಾಸ್ತಿ. ಬೆಳಿಗ್ಗೆ ತೂಕ ನೋಡುವಾಗ ಒಂದು ಗ್ರಾಂ ಹೆಚ್ಚಿದ್ದರೂ ಹೊರಗೆ. ವಸ್ತಾದರು ಬೀಡಿ ಸೇದುವವನಷ್ಟು ನಿರಾಳವಾಗಿ ಹೇಳಿದರು:

"ಹಗುರಾಗಿ ಉಂಡು ಹೋಗಿ ಮಕ್ಕಳ್ರಿ. ಬೆಳಿಗ್ಗೆ ತಾನೇ ಇಳಿದಿರ್ತೈತೆ."

"ಮಲಗಿದ್ರೆ ತೂಕ ಇಳಿತೈತಾ ವಸ್ತಾದ್ರೇ? ಹಂಗಿದ್ರೆ ನಮ್ಮ ಚಿಕ್ಕಪ್ಪ ಇಷ್ಟೊತ್ತಿಗೆ ಗಾಳೀಲಿ ಹಾರಿ ಹೋಗಬೇಕಿತ್ತು," ಎಂದೆ.

"ಉಸಿರಾಗೆ ಹೋಗ್ತೈತೆ, ಬೆವರಾಗೆ ಹೋಗ್ತೈತೆ, ಬೆಳಿಗ್ಗೆ ಒಂದಕ್ಕೆ ಹೋದ್ರೆ ಉಳಿದಿದ್ದೂ ಹೋಗ್ತೈತೆ. ಬಾಯಿ ಮುಚ್ಚಿ ಮಕ್ಕೋ."

ದಾದಾಪೀರ ಹೋಗಿ ಮಲಗಿದ. ಮರುದಿನ ಭಟ್ಟಿಗೆ ಅವನ ಅಪ್ಪನೇ ರಜೆ ಕೊಟ್ಟಿದ್ದರು. ನಾನು ನಂಬಲಿಲ್ಲ. ಮೊಬೈಲಿನಲ್ಲಿ ಯಾರೋ ವಿದೇಶಿ ಪೈಲ್ವಾನ ಮಾಡಿದ್ದನ್ನು ನೋಡಿ, ಮೈಮೇಲೆ ಎರಡು ಸ್ವೆಟರು, ಅದರ ಮೇಲೆ ನಮ್ಮಪ್ಪನ ರೇನ್‌ಕೋಟು ಹಾಕಿಕೊಂಡು, ಬೆಳಗಾಗುವವರೆಗೆ ಓಡಿದೆ, ಹಾರಿದೆ, ಬಾಯಿಯ ನೀರೂ ಹೋಗಲೆಂದು ಡಬ್ಬಿಯೊಂದಕ್ಕೆ ಉಗುಳಿದೆ. ಬೆಳಿಗ್ಗೆ ತೂಕ ನೋಡಿದರು. ನಾನು ಅರವತ್ತೈದರ ಒಳಗೆ. ದಾದಾಪೀರನೂ ಒಳಗೆ, ನನಗಿಂತ ತುಸು ಹಗುರ. ಅವನು ಮಲಗಿ ಇಳಿಸಿದ್ದ, ನಾನು ಸತ್ತು ಇಳಿಸಿದ್ದೆ.

ಅಂಗಳದಲ್ಲಿ ವಸ್ತಾದರು ಕೈ ಚಾಚಿದರು. ನಾನು ಇದ್ದಬದ್ದ ಬಲವನ್ನೆಲ್ಲ ಹಾಕಿ ಹಿಚುಕಿದೆ. ಹತ್ತು ಎಣಿಸಿದರು. ಎಷ್ಟು ತಾಸು ಎಂದು ಹೇಳಲಿಲ್ಲ. ಅವರು ಹೇಳದೆ ಬಿಟ್ಟದ್ದು ಅದೊಂದೇ ಸಲ. ಕೈ ಬಿಡದೆ, "ಇವತ್ತು ಆಡಬ್ಯಾಡ ತಮ್ಮಾ," ಎಂದರು.

ನಾನು ಅವರದೇ ದನಿಯಲ್ಲಿ, "ಹೋಗು ಜಗಲಿಗೆ!" ಎಂದೆ. ಸುತ್ತ ನಿಂತವರು ನಕ್ಕರು. ಅವರು ನಗಲಿಲ್ಲ.

ಕುಸ್ತಿ ಮುಗಿಯಲು ಎರಡು ನಿಮಿಷ ಸಾಕಾಯಿತು. ಸೀಟಿ ಊದಿದ್ದು ನನಗೆ ನೀರಿನೊಳಗಿಂದ ಕೇಳಿದಂತಾಯಿತು. ದಾದಾಪೀರ ನನ್ನ ಬಲಗಾಲಿಗೆ ಕೈ ಹಾಕಿದ್ದು ಕಂಡಿತು. ಅದಕ್ಕೆ ಏನು ಮಾಡಬೇಕೆಂಬುದು ನೆನಪಾಗುವಷ್ಟರಲ್ಲಿ ಅವನು ನನ್ನನ್ನು ಎತ್ತಿಯಾಗಿತ್ತು. ಬೀಳುವಾಗ ಕೈಯೂರಬಾರದು ಎಂಬುದು ಗರಡಿಯ ಮೊದಲ ಪಾಠ. ಊರಿದೆ. ಬಲಭುಜ ಕಳಚಿತು. ನನ್ನ ಜೀವನದಲ್ಲಿ ಯಾರ ಅನುಕರಣೆಯೂ ಅಲ್ಲದ ಒಂದು ಕೂಗು ಅವತ್ತು ನನ್ನ ಬಾಯಿಂದ ಹೊರಟಿತು. ಗೆದ್ದ ದಾದಾಪೀರ ನನಗಿಂತ ಜೋರಾಗಿ ಅತ್ತ.

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಹತ್ತಿರ ಹತ್ತಿರ ಎರಡು ತಿಂಗಳು ನಾನು ಜಗಲಿಯ ಖಾಯಂ ನಿವಾಸಿಯಾದೆ. ವಸ್ತಾದರು, 'ನಾನು ಹೇಳಿರಲಿಲ್ವಾ,' ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಪಕ್ಕದಲ್ಲಿ ಕೂತು ಕಂಬಳಿ ಸರಿಮಾಡುತ್ತ, ಕಾರ್ಖಾನೆಯ ಭಾಷೆಯಲ್ಲಿ ಒಂದು ದಿನ ಹೇಳಿದರು:

"ದಂಡ ಹೊಡೆದಾಗ ಮೈ ಬೆಳೀತೈತೆ ಅಂದ್ಕಂಡೀರಿ. ಇಲ್ಲ, ಆವಾಗ ಹರೀತೈತೆ. ಹರಿದಿದ್ದನ್ನ ಹೊಲಿಯೋರು ಮೂರನೇ ಪಾಳಿಯೋರು, ರಾತ್ರಿ ಕೆಲಸದೋರು. ನಾನೂ ಆ ಪಾಳಿ ಮಾಡಿದೋನು, ನಂಗೊತ್ತು. ಓಡೋ ಮಿಷಿನ್‌ಗೆ ಯಾರೂ ಕೈ ಹಾಕಂಗಿಲ್ಲ. ಅದು ನಿಂತಮ್ಯಾಲೇ ನಾವು ಸ್ಪ್ಯಾನರ್ ಹಿಡ್ಕಂಡು ಒಳಗೆ ಹೋಗ್ತಿದ್ವಿ. ನೀ ಮಿಷಿನ್ ನಿಲ್ಸದಿದ್ರೆ ಪಾಪ, ಅವ್ರು ಗೇಟಿನಾಗೇ ನಿಂತಿರ್ತಾರೆ."

ಅವರು ಸೋತ ಒಂದೇ ದೊಡ್ಡ ಕುಸ್ತಿಯ ಕಥೆಯನ್ನೂ ಹೇಳಿದರು. ಮೂರನೇ ಪಾಳಿ ಮುಗಿಸಿ, ಮಲಗದೆ, ಸೀದಾ ಅಖಾಡಕ್ಕೆ ಇಳಿದಿದ್ದರಂತೆ. "ಎದುರಿಗಿದ್ದೋನು ನನ್ನ ಪಟ್ಟನ್ನೇ ನನಗೆ ಹಾಕಿದ. ಬಿಡಿಸ್ಕಳೋದು ಹೆಂಗೆ ಅಂತ ನೆನಪಾಗ್ಲಿಲ್ಲ ನೋಡು." ನನಗೆ ನನ್ನ ಬಲಗಾಲು ನೆನಪಾಯಿತು.

ಐದು ವರ್ಷದಿಂದ ಕೇಳಬೇಕೆಂದಿದ್ದನ್ನು ಆ ದಿನ ಕೇಳಿಯೇಬಿಟ್ಟೆ. "ಕೈ ಹಿಡಿದ್ರೆ ನಿಮಗೆ ಹೆಂಗೆ ಗೊತ್ತಾಗ್ತೈತ್ರಿ?"

"ಅದ್ರಾಗೇನು ಮಂತ್ರ ಐತೆ? ನಿದ್ದೆ ಆದೋನು ಎಷ್ಟು ಬೇಕೋ ಅಷ್ಟೇ ಹಿಡೀತಾನೆ. ನಿದ್ದೆ ಇಲ್ದೋನು ನನಗೇನೂ ಆಗಿಲ್ಲ ಅಂತ ತೋರ್ಸಾಕೆ ಸಿಕ್ಕಾಪಟ್ಟೆ ಹಿಚುಕ್ತಾನೆ. ಹತ್ತು ಎಣಿಸೋದ್ರಾಗೆ ನಡುಗ್ತಾನೆ. ಅಷ್ಟೇ."

ಅಷ್ಟೇ ಎಂದು ನಾನೂ ತಲೆಯಾಡಿಸಿದೆ. ಮಾರನೆಯ ದಿನ ಬಾಗಿಲಲ್ಲಿ ಎಡಗೈ ಕೊಟ್ಟೆ. ಅವರು ಎಂದಿನಂತೆ ಹಿಚುಕಿದರು. ಗೆಣ್ಣು ಎಂದಿನಂತೆ ಲಟಕ್ ಎಂದಿತು. ಅವರ ಕೈ ಎಂದಿನಂತೆ ನಡುಗಿತು. ಇಷ್ಟು ದೊಡ್ಡ ಗಿಳಿಗೆ ಏನೂ ಹೊಳೆಯಲಿಲ್ಲ.

ಅವರನ್ನು ಮಣ್ಣು ಮಾಡಿದ ಒಂದು ವಾರಕ್ಕೆ, ಹಾಸ್ಟೆಲಿನಿಂದ ಬಂದಿದ್ದ ದಾದಾಪೀರನ ಜೊತೆ ಮತ್ತೆ ಹರಿಹರಕ್ಕೆ ಹೋದೆ. ಮಧ್ಯಾಹ್ನ. ಹೊಳೆ ಕಡೆಯ ಒಂದು ಓಣಿಯ ಸಣ್ಣ ಮನೆ. ವಸ್ತಾದರ ಹೆಂಡತಿ ಒಬ್ಬರೇ ಗೋಡೆಗೆ ಒರಗಿ ಕೂತಿದ್ದರು. ಕಣ್ಣುಗಳು ಒಳಗೆ ಹೋಗಿದ್ದವು. ದಾದಾಪೀರ ಮಂಡಕ್ಕಿ ಪೊಟ್ಟಣ ಅವರ ಪಕ್ಕದಲ್ಲಿಟ್ಟ.

"ನೀನೇ ಏನಪ್ಪಾ ಗಿಳಿ?" ಎಂದರು ನನ್ನನ್ನು ನೋಡಿ. "ಅವ್ರ ಗೊರಕೆ ಹೊಡೀತೀಯಂತೆ."

ನಾನು ತಲೆ ತಗ್ಗಿಸಿದೆ. "ತಪ್ಪಾತಮ್ಮ. ಸುಮ್ನೆ ತಮಾಷೆಗೆ."

"ತಪ್ಪೇನು ಬಂತು? ನಾನೇ ಒಂದು ದಿನ ಕೇಳಿಲ್ಲ ಅವ್ರ ಗೊರಕೆ. ಗೊರಕೆ ಹೊಡೀಬೇಕು ಅಂದ್ರೆ ಮೊದ್ಲು ನಿದ್ದೆ ಬರಬೇಕಲ್ಲಪ್ಪ."

ದಾದಾಪೀರನೂ ನಾನೂ ಮುಖ ಮುಖ ನೋಡಿಕೊಂಡೆವು.

"ವಾರಕ್ಕೊಂದು ಪಾಳಿ ಬದಲಾಗಿ ಬದಲಾಗಿ ಮೈಗೆ ಹಗಲ್ಯಾವ್ದು ರಾತ್ರಿಯಾವ್ದು ಗೊತ್ತಾಗ್ದಂಗಾತು. ಕಾರ್ಖಾನೆ ಬಿಟ್ರು, ಅದು ಬಿಡ್ಲಿಲ್ಲ. ಎರಡು ತಾಸು ಕಣ್ಣು ಮುಚ್ಚಿದ್ರೆ ಹೆಚ್ಚು. ಡಾಕ್ಟ್ರು ಗುಳಿಗೆ ಕೊಟ್ರು, ಅದೂ ಹತ್ಲಿಲ್ಲ. ಕೂತು ಏನು ಮಾಡ್ಲಿ ಅಂತ ಮೊದ್ಲ ಬಸ್ಸಿಗೆ ನಿಮ್ಮಲ್ಲಿಗೆ ಬರೋರು. ವಾಪಸ್ ಬಂದು ಏನು ಹೇಳೋರು ಗೊತ್ತಾ? 'ಇವತ್ತು ನನ್ನ ಹುಡುಗ್ರು ಎಂಟೂ ಜನ ಸೇರಿ ಐವತ್ತಾರು ತಾಸು ಮಲಗ್ಯಾರೆ ಕಣೇ.' ತಾವೇ ಮಲಗೆದ್ದಂಗೆ ಖುಷಿ ಪಡೋರು."

ನನ್ನ ಬಲಗೈಯ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಐದು ವರ್ಷ, ದಿನಾ ಬೆಳಿಗ್ಗೆ, ಆ ಹಿಡಿತ, ಆ ನಡುಕ. ನನ್ನ ಸುಳ್ಳನ್ನು ಅವರು ಎಣಿಸುತ್ತಿದ್ದ ಹೊತ್ತಿನಲ್ಲೇ ಅವರ ನಿಜ ನನ್ನ ಅಂಗೈಯೊಳಗಿತ್ತು.

"ಒಂದ್ಸಲ ಹೊಡಿಯಪ್ಪ," ಎಂದರು ಅಮ್ಮ. "ನಾನೂ ಕೇಳ್ತೀನಿ."

ಇಂಥ ಪ್ರೇಕ್ಷಕರೆದುರು ನಾನು ಯಾವತ್ತೂ ಕೂತಿರಲಿಲ್ಲ. ಗಿರಣಿ, ಗೇರು, ಕುಕ್ಕರು ಯಾವುದೂ ಗಂಟಲಿಗೆ ಬರಲಿಲ್ಲ. ಅವೆಲ್ಲವನ್ನೂ ಬಿಟ್ಟು, ದಣಿದ ಮನುಷ್ಯನೊಬ್ಬ ಕೊನೆಗೂ ಮಲಗಿದರೆ ಹೇಗೆ ಉಸಿರಾಡಬಹುದೋ ಹಾಗೆ, ಮೆಲ್ಲಗೆ, ಉದ್ದಕ್ಕೆ ಎಳೆದೆ. ಬಿಟ್ಟೆ. ಮತ್ತೆ ಎಳೆದೆ. ದಾದಾಪೀರ ನೆಲ ನೋಡುತ್ತಿದ್ದ. ಅಮ್ಮ ಕಣ್ಣು ಮುಚ್ಚಿದರು. ತುಟಿಯ ಅಂಚು ಒಮ್ಮೆ ನಕ್ಕಂತಾಯಿತು. ಎಷ್ಟು ಹೊತ್ತು ಹಾಗೇ ನಡೆಯಿತೋ. ನಾನು ನಿಲ್ಲಿಸಿದಾಗಲೂ ಉಸಿರು ಕೇಳುತ್ತಲೇ ಇತ್ತು. ಅದು ಅವರದು. ಒಂದು ವಾರದಿಂದ ಮುಚ್ಚದ ಕಣ್ಣು ಮುಚ್ಚಿತ್ತು. ದಾದಾಪೀರ ಎದ್ದು ದಿಂಬು ತಂದು ಅವರ ಕತ್ತಿನ ಹಿಂದೆ ಇಟ್ಟ, ಕಿಟಕಿ ಮುಚ್ಚಿದ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಸ್ಪೀಕರು. ಈರುಳ್ಳಿ, ಆಲೂಗಡ್ಡೆ. ನಾನು ಓಡಿಹೋಗಿ ಹೊಸ್ತಿಲ ಹೊರಗೆ ನಿಂತು, ತುಟಿಯ ಮೇಲೆ ಬೆರಳಿಟ್ಟೆ.

ಹೋದ ವಾರದ ಸಾವು ಗೊತ್ತಿದ್ದ ಆಟೋದವನು ಸ್ಪೀಕರ್ ನಿಲ್ಲಿಸಿ, ಮನೆಯ ಕಡೆ ನೋಡಿ, ದನಿ ತಗ್ಗಿಸಿ ಕೇಳಿದ: "ಯಾಕಣ್ಣ, ಮತ್ತೇನಾತು?"

"ಏನಾಗಿಲ್ಲ. ಒಬ್ರು ಮಲಗ್ಯಾರೆ."

ಅವನು ಕೆಳಗಿಳಿದು ಗಾಡಿ ತಳ್ಳತೊಡಗಿದ. ನಾನು ಹೋಗಿ ಹಿಂದಿನಿಂದ ಕೈ ಹಾಕಿದೆ. ಹಿಂದೊಮ್ಮೆ ಕಳಚಿದ್ದ ಭುಜ ಸ್ವಲ್ಪವೂ ನೋಯಲಿಲ್ಲ.